ಮೌನವೂ ಸಮ್ಮತಿಯೂ: ಚಿಕ್ಕಬಳ್ಳಾಪುರ ಸೀಮೆಯ ವಿದ್ಯಾರ್ಥಿಗಳೂ ದೇಹಾರೋಗ್ಯದ ಅರಿವೂ

ಮೌನವೇ ಸಮ್ಮತಿಯ ಲಕ್ಷಣವೆಂಬ ಮಾತು ಕನ್ನಡನಾಡಿನಲ್ಲಿ ಪಂಡಿತರು ಮೊದಲ್ಗೊಂಡು ಪಾಮರರವರೆಗೆ ಎಲ್ಲರ ನಾಲಗೆಯ ಮೇಲೂ ಇರುವುದು. ಸಭೆಯ ನಿರ್ಣಯ, ಕೊಡುಕೊಳ್ಳುವ ವ್ಯವಹಾರ ಮೊದಲಾದುವುಗಳಲ್ಲಿ ಈ ಮಾತಿನಿಂದ ಅನುಕೂಲವಾಗಿರಬಹುದು. ಆದರೆ ಸ್ತ್ರೀಪುರುಷರ ಸಂಬಂಧದ ವಿಷಯದಲ್ಲಿ ಇದು ಎರಡು ಬಗೆಯಾಗಿ ಆಳಿತು. ಹೆಣ್ಣಿನ ಮೌನವನ್ನು ಮನೆಯವರು ಅವಳ ಒಪ್ಪಿಗೆಯೆಂದು ಎಣಿಸಿದರು. ಉಪಾಧ್ಯಾಯನ ಮೌನವನ್ನು ವಿದ್ಯಾಶಾಲೆಯು ಮರ್ಯಾದೆಯೆಂದು ಎಣಿಸಿತು. ಮೊದಲನೆಯ ಎಣಿಕೆಯನ್ನು ನಾಡಿನ ಶಾಸನವು ನೂರ ಮೂವತ್ತು ವರ್ಷಗಳಿಗೆ ಮೇಲ್ಪಟ್ಟ ಅವಧಿಯಲ್ಲಿ ಮೆಲ್ಲಮೆಲ್ಲನೆ ಕೈಬಿಟ್ಟಿದೆ. ಎರಡನೆಯದು ಇನ್ನೂ ಪೂರ್ತಿಯಾಗಿ ಹೋಗಿಲ್ಲ. ಚಿಕ್ಕಬಳ್ಳಾಪುರ, ಗೌರೀಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳನ್ನು ಕಣ್ಣಮುಂದಿಟ್ಟುಕೊಂಡು ಈ ಎರಡು ಎಣಿಕೆಗಳ ಚರಿತ್ರೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ತಾಲ್ಲೂಕುಗಳು ಹಿಂದೆ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿದ್ದುವು. ೨೦೦೭ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದಾಗ ಅದರಲ್ಲಿ ಕೂಡಿಕೊಂಡುವು. ಗೌರೀಬಿದನೂರಿಗೆ ಹಿಂದೂಪುರವೂ ಚಿಂತಾಮಣಿಗೆ ಮದನಪಲ್ಲಿಯೂ ನೆರೆಯೂರುಗಳಂತಿರುವುದರಿಂದ ಇಲ್ಲಿನ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕಲಿಯುವ ಮಾತು ಕನ್ನಡ, ವೈದ್ಯನ ಚೀಟಿಯಲ್ಲಿ ಕಾಣುವ ಮಾತು ಇಂಗ್ಲಿಷು. ಉನ್ನತ ವಿದ್ಯೆಯ ವಿಷಯದಲ್ಲಿಯೂ ಈ ಸೀಮೆಗೆ ಒಂದು ವಿಶೇಷವುಂಟು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ದಿವಾನರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರಕ್ಕೆ ಸಮೀಪದ ಮುದ್ದೇನಹಳ್ಳಿಯವರು. ಅದಕ್ಕೆ ಸ್ವಲ್ಪ ಮುಂಚೆ, ೧೯೧೫ರಲ್ಲಿ, ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಕಿರಿಯ ರೈಲುದಾರಿಯು ತೆರೆದಿತ್ತು. ಆ ಕಾಲದಲ್ಲಿ ಪದವಿಗಾಗಿ ಇಲ್ಲಿನ ಹುಡುಗರು ಬೆಂಗಳೂರಿಗೆ ಹೋಗಬೇಕಾಗಿತ್ತು. ಹುಡುಗಿಯರು ಹೋಗುತ್ತಿದ್ದುದು ತೀರ ವಿರಳ. ಕಾಲಕ್ರಮದಲ್ಲಿ ತಾಲ್ಲೂಕಿನ ಕೇಂದ್ರಗಳಲ್ಲಿಯೇ ಪ್ರಥಮದರ್ಜೆ ಕಾಲೇಜುಗಳು ಏರ್ಪಟ್ಟುವು. ೨೦೧೭ರಲ್ಲಿ ಕೋಲಾರವನ್ನು ಕೇಂದ್ರವಾಗಿ ಮಾಡಿಕೊಂಡು ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವು ಆರಂಭವಾಗಿ ಈ ಕಾಲೇಜುಗಳು ಅದಕ್ಕೆ ಒಳಪಟ್ಟುವು. ರೇಷ್ಮೆಗೂಡು ಬಿಡಿಸುವ ಮನೆಯ ಹೆಣ್ಣುಮಗಳೂ ಈಗ ಬಸ್ಸಿನಲ್ಲಿ ಬಂದು ಬಿ.ಎ. ತರಗತಿಯಲ್ಲಿ ಕುಳಿತುಕೊಳ್ಳುವಳು. ಹದಿನೆಂಟರಿಂದ ಇಪ್ಪತ್ತೊಂದರ ವಯಸ್ಸಿನ, ಮದುವೆಯಾಗದ, ಗಂಡೂ ಹೆಣ್ಣೂ ಒಂದೇ ಕಡೆ ಕಲಿಯುವ ಇಂಥ ಒಂದು ಸಮುದಾಯವು ಈ ಸೀಮೆಯ ಚರಿತ್ರೆಯಲ್ಲಿ ಹೊಸದು. ಇವರ ದೇಹಾರೋಗ್ಯಕ್ಕೆ ಬೇಕಾದ ಅರಿವನ್ನು ಹಿಂದಿನವರು ಸಿದ್ಧಮಾಡಿ ಇಟ್ಟಿರಲಿಲ್ಲ.

ಕನ್ನಡ ಭಾಷೆಯು ಈ ವಿಷಯದಲ್ಲಿ ಬಡವಾಗಿತ್ತೆಂದು ಇದರಿಂದ ತಿಳಿಯಬಾರದು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಎಂದರೆ ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ, ಚಂದ್ರರಾಜನು ‘ಮದನತಿಲಕ’ವೆಂಬ ಕಾಮಶಾಸ್ತ್ರ ಗ್ರಂಥವನ್ನು ರಚಿಸಿದನು. ಹದಿನೈದನೆಯ ಶತಮಾನದಲ್ಲಿ ಕಲ್ಲರಸನ ‘ಜನವಶ್ಯ’ವು ಹುಟ್ಟಿತು. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯು ಈ ಕವಿಗಳನ್ನು ಉಳಿದ ಕವಿಗಳ ಸಾಲಿನಲ್ಲಿಯೇ ಎಣಿಸಿದೆ. ಆದರೆ ಈ ಬಗೆಯ ಶಾಸ್ತ್ರವು ಯಾರನ್ನು ಕುರಿತು ಮಾತನಾಡುವುದೆಂಬುದು ವಿಚಾರಾರ್ಹ. ಅದರ ಶ್ರೋತೃವು ಸಂಪನ್ನನಾದ ನಾಗರಕ. ಸ್ತ್ರೀಯು ಅದರಲ್ಲಿ ಜಾತಿಲಕ್ಷಣಗಳಿಂದ ವಿಂಗಡಿಸಲ್ಪಡುವ ವಸ್ತು. ಅವಳ ಇಂಗಿತವನ್ನು ಕಣ್ಣು, ಉಸಿರು, ನಡೆಗಳಿಂದ ಊಹಿಸಿಕೊಳ್ಳುವ ಜಾಣತನವನ್ನು ಶಾಸ್ತ್ರವು ನಾಗರಕನಿಗೆ ಕಲಿಸುವುದು. ಅವಳನ್ನೇ ಕೇಳಿ ತಿಳಿಯುವುದು ಅದರ ಮುಖ್ಯ ಮಾರ್ಗವಲ್ಲ.

ರೋಗಗಳ ಹೆಸರುಗಳನ್ನು ನೋಡಿದರೂ ಇಂಥದೇ ಒಂದು ಸಂಗತಿಯು ಹೊರಪಡುವುದು. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಫಿರಂಗರೋಗವೆಂಬ ಹೊಸ ವ್ಯಾಧಿಯನ್ನು ವಿವರಿಸಿರುವನು. ಇಂಗ್ಲಿಷಿನಲ್ಲಿ ಸಿಫಿಲಿಸ್ ಎನ್ನುವುದೇ ಇದು. ಕನ್ನಡಿಗರ ಬಾಯಲ್ಲಿ ಇದು ಪರಂಗಿ ಹುಣ್ಣಾಯಿತು. ಅನ್ಯದೇಶದವರ ಹೆಸರನ್ನು ರೋಗಕ್ಕೆ ಇಡುವುದು ಎಲ್ಲ ದೇಶಗಳಲ್ಲಿಯೂ ನಡೆದ ಕೆಲಸವೇ. ನೇಪಲ್ಸಿನವರು ಅದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನ ರೋಗವೆಂದರು. ತರುವಾಯ ಈ ಬಗೆಯ ವ್ಯಾಧಿಗಳೆಲ್ಲಕ್ಕೂ ಗುಹ್ಯರೋಗ, ಗುಪ್ತರೋಗ ಎಂಬ ಹೆಸರುಗಳು ರೂಢಿಗೆ ಬಂದುವು. ಮೊದಲನೆಯ ಹೆಸರು ತಪ್ಪನ್ನು ಪರರ ಮೇಲೆ ಹೊರಿಸಿತು. ಎರಡನೆಯದು ರೋಗಿಯನ್ನು ಬಚ್ಚಿಟ್ಟುಕೊಳ್ಳೆಂದಿತು. ಹೀಗೆ ಕನ್ನಡದಲ್ಲಿ ಶೃಂಗಾರಕ್ಕೆ ಮಾತುಗಳಿದ್ದುವು, ನಾಚಿಕೆಗೆ ಮಾತುಗಳಿದ್ದುವು; ಆರೋಗ್ಯಕ್ಕೂ ಸಮ್ಮತಿಗೂ ಬೇಕಾದ ಮಾತುಗಳು ಮಾತ್ರ ಹುಟ್ಟಬೇಕಾಗಿದ್ದುವು.

ಸ್ತ್ರೀಯು ತಾನೇ ಬಾಯಿಬಿಟ್ಟರೆ ಏನಾಗುತ್ತಿತ್ತೆಂಬುದಕ್ಕೆ ತೆಲುಗು ಸಾಹಿತ್ಯದಲ್ಲಿ ಒಂದು ನಿದರ್ಶನವುಂಟು. ಅದಕ್ಕೆ ಕನ್ನಡನಾಡಿನ ಸಂಬಂಧವೂ ಉಂಟು. ತಂಜಾವೂರಿನ ಆಸ್ಥಾನದಲ್ಲಿ ಹದಿನೆಂಟನೆಯ ಶತಮಾನದಲ್ಲಿದ್ದ ಮುದ್ದುಪಳನಿಯು ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರಕಾವ್ಯವನ್ನು ರಚಿಸಿದಳು. ನಂಜನಗೂಡಿನಲ್ಲಿ ಹುಟ್ಟಿದ ವಿದುಷಿ ಬೆಂಗಳೂರು ನಾಗರತ್ನಮ್ಮನವರು ಇದನ್ನು ೧೯೧೦ರಲ್ಲಿ ಸಂಪಾದಿಸಿ ಅಚ್ಚುಮಾಡಿಸಿದರು. ಕಾವ್ಯವು ಅಶ್ಲೀಲವೆಂಬ ಕೂಗೆದ್ದು ಸರ್ಕಾರವು ಮರುವರ್ಷವೇ ಅದನ್ನು ನಿಷೇಧಿಸಿತು. ನಿಷೇಧವು ತೆಗೆದದ್ದು ೧೯೪೭ರಲ್ಲಿ. ಪುರುಷಕವಿಗಳು ಬರೆದ ಅದಕ್ಕೂ ಮಿಗಿಲಾದ ಶೃಂಗಾರವು ಪಾಠಪುಸ್ತಕದಲ್ಲಿರಬಹುದಾದರೆ ಇದು ಏಕೆ ಇರಬಾರದೆಂಬುದು ನಾಗರತ್ನಮ್ಮನವರ ವಾದ. ತೆಲುಗನ್ನು ಮನೆಮಾತಾಗಿ ಉಳ್ಳ ಈ ಸೀಮೆಯ ವಿದ್ಯಾರ್ಥಿಗೆ ಈ ಪ್ರಸಂಗವು ದೂರದ್ದಲ್ಲ. ಶೃಂಗಾರವನ್ನು ಬರೆಯುವ ಅಧಿಕಾರವು ಯಾರದೆಂಬ ಪ್ರಶ್ನೆಯೂ ಸಮ್ಮತಿಯನ್ನು ನುಡಿಯುವ ಅಧಿಕಾರವು ಯಾರದೆಂಬ ಪ್ರಶ್ನೆಯೂ ಮೂಲದಲ್ಲಿ ಒಂದೇ.

ಇನ್ನು ಶಾಸನದ ಕಡೆಗೆ ತಿರುಗಬಹುದು. ಬ್ರಿಟಿಷ್ ಇಂಡಿಯಾದ ೧೮೬೦ರ ದಂಡಸಂಹಿತೆಯಲ್ಲಿ ಸಮ್ಮತಿಯ ವಯಸ್ಸು ಹತ್ತು. ೧೮೯೧ರಲ್ಲಿ ಭಾರಿ ವಾಗ್ವಾದದ ನಡುವೆ ಅದು ಹನ್ನೆರಡಾಯಿತು. ಮೈಸೂರು ಸಂಸ್ಥಾನವು ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ೧೮೯೪ರಲ್ಲಿ, ಶಿಶುವಿವಾಹ ನಿರೋಧದ ರೆಗ್ಯುಲೇಷನ್ನನ್ನು ಹೊರಡಿಸಿತು. ಎಂಟು ವರ್ಷ ತುಂಬದ ಹೆಣ್ಣಿನ ಮದುವೆಯೂ, ಐವತ್ತು ಮೀರಿದ ಪುರುಷನು ಹದಿನಾಲ್ಕು ತುಂಬದ ಹೆಣ್ಣನ್ನು ಮದುವೆಯಾಗುವುದೂ ಅದರಿಂದ ಅಪರಾಧವಾಯಿತು. ಕೋಲಾರ ಜಿಲ್ಲೆಯ ಈ ತಾಲ್ಲೂಕುಗಳಿಗೂ ಅದು ಅನ್ವಯಿಸಿತು. ಎಂಟು ವರ್ಷವೆಂಬುದು ಈಗ ಓದುವವರಿಗೆ ಆಶ್ಚರ್ಯವನ್ನುಂಟುಮಾಡಬಹುದು. ಆದರೆ ಮದುವೆಯಲ್ಲಿಯೂ ರಾಜ್ಯವು ಕೈಹಾಕಬಹುದೆಂಬ ತತ್ತ್ವವು ಈ ಸೀಮೆಯಲ್ಲಿ ಊರಿದುದು ಆಗ. ೧೯೨೯ರ ಶಾರದಾ ಕಾಯಿದೆಯು ಬ್ರಿಟಿಷ್ ಇಂಡಿಯಾದಲ್ಲಿ ಮದುವೆಯ ವಯಸ್ಸನ್ನು ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ಎಂದು ಗೊತ್ತುಮಾಡಿತು. ೧೯೭೮ರ ತಿದ್ದುಪಡಿಯಿಂದ ಅದು ದೇಶಕ್ಕೆಲ್ಲ ಹದಿನೆಂಟು, ಇಪ್ಪತ್ತೊಂದು ಆಯಿತು. ಕರ್ನಾಟಕವು ೨೦೧೬ರ ತನ್ನ ತಿದ್ದುಪಡಿಯಲ್ಲಿ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಈ ಶಾಸನಗಳೆಲ್ಲ ವಯಸ್ಸನ್ನು ಎಣಿಸಿದುವೇ ಹೊರತು ಸಮ್ಮತಿಯೆಂದರೇನೆಂಬುದನ್ನು ಹೆಣ್ಣಿನ ಕಡೆಯಿಂದ ಹೇಳಲಿಲ್ಲ. ಆ ಕಾರ್ಯಕ್ಕೆ ಇನ್ನೂ ಬಹುಕಾಲ ಹಿಡಿಯಿತು.

ಅರಿವನ್ನು ಹರಡುವ ಪ್ರಯತ್ನವೂ ಇದರ ಜೊತೆಯಲ್ಲಿಯೇ ನಡೆಯುತ್ತಿತ್ತು. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆಯವರು ೧೯೨೧ರಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕನ್ನು ತೆರೆದರು. ಈ ಪ್ರಚಾರದ ಕಾರಣದಿಂದ ಗಣಿತದ ಪ್ರಾಧ್ಯಾಪಕ ಹುದ್ದೆಯನ್ನು ಬಿಡಬೇಕಾಯಿತು. ೧೯೨೭ರಿಂದ ‘ಸಮಾಜ ಸ್ವಾಸ್ಥ್ಯ’ವೆಂಬ ಮರಾಠಿ ಪತ್ರಿಕೆಯನ್ನು ಕೊನೆಯವರೆಗೂ ನಡೆಸಿದರು. ಮೈಸೂರಿನಲ್ಲಿ ಇದನ್ನು ಸರ್ಕಾರವೇ ಕೈಗೆತ್ತಿಕೊಂಡಿತು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ೧೯೩೦ರಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಲು ಅಪ್ಪಣೆಯಾಯಿತು. ಸರ್ಕಾರವೊಂದು ಇಂಥ ಕ್ಲಿನಿಕ್ಕನ್ನು ನಡೆಸಿದುದು ಜಗತ್ತಿನಲ್ಲಿಯೇ ಮೊದಲೆಂದು ಚರಿತ್ರಕಾರರು ಹೇಳುವುದುಂಟು. ಆದರೂ ಅದರ ಬಾಗಿಲು ತೆರೆದದ್ದು ವಿವಾಹಿತ ಸ್ತ್ರೀಯರಿಗಾಗಿ. ೧೯೫೨ರಲ್ಲಿ ದೇಶದಲ್ಲೆಲ್ಲ ಆರಂಭವಾದ ಕುಟುಂಬ ಯೋಜನೆಯ ಹೆಸರೇ ಅದರ ಮೇರೆಯನ್ನು ಹೇಳುವುದು: ಅರಿವು ಬೇಕಾದರೆ ಮೊದಲು ಕುಟುಂಬವಿರಬೇಕು. ೧೯೬೮ರಿಂದ ‘ನಿರೋಧ್’ ಎಂಬ ಹೆಸರಿನಿಂದ ಅಗ್ಗದ ಬೆಲೆಗೆ ದೊರೆತ ಕಾಂಡೋಮು ಗೋಡೆಬರಹಗಳ ಮೂಲಕ ಹಳ್ಳಿಹಳ್ಳಿಗೂ ಪರಿಚಿತವಾಯಿತು; ಆದರೆ ಅದು ಮಕ್ಕಳನ್ನು ತಡೆಯುವ ಸಾಧನವೆಂದು ತಿಳಿದಷ್ಟು ರೋಗವನ್ನು ತಡೆಯುವ ಸಾಧನವೆಂದು ಜನರಿಗೆ ತಿಳಿಯಲಿಲ್ಲ.

ಈ ಮೇರೆಯು ಕನ್ನಡ ಪುಸ್ತಕಗಳಲ್ಲಿಯೂ ಕಾಣುವುದು. ಅದನ್ನು ದಾಟಿದುದೂ ಕನ್ನಡ ಪುಸ್ತಕದಲ್ಲಿಯೇ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ (೧೯೩೪–೧೯೯೧) ಅವರು ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’, ‘ಕೇಳು ಕಿಶೋರಿ’ ಎಂಬ ಪುಸ್ತಕಗಳನ್ನು ಬರೆದರು. ಹೆಸರುಗಳೇ ಅರ್ಥವತ್ತಾಗಿವೆ. ದಾಂಪತ್ಯವನ್ನು ಪಡೆದವರಿಗೆ ಒಂದು, ತಾಯಿಯಾದವಳಿಗೆ ಒಂದು; ಮೂರನೆಯದರಲ್ಲಿ ಲೇಖಕಿಯು ಮದುವೆಯಾಗದ, ಇನ್ನೂ ಬೆಳೆಯುತ್ತಿರುವ ಹುಡುಗಿಯನ್ನೇ ಸಂಬೋಧಿಸಿದರು. ಮದನತಿಲಕದ ಕಾಲದಲ್ಲಿ ವರ್ಣ್ಯವಸ್ತುವಾಗಿದ್ದವಳು ಇಲ್ಲಿ ಶ್ರೋತೃವಾದಳು. ಕನ್ನಡದ ಆರೋಗ್ಯಸಾಹಿತ್ಯದ ಚರಿತ್ರೆಯಲ್ಲಿ ಈ ಮಾರ್ಪಾಟು ಸಣ್ಣದಲ್ಲ.

ಮೌನದ ಬೆಲೆ ಎಷ್ಟೆಂಬುದನ್ನು ತೋರಿಸಿದುದು ಎಚ್.ಐ.ವಿ. ಸೋಂಕು. ಭಾರತದಲ್ಲಿ ಇದು ಮೊದಲು ಪತ್ತೆಯಾದುದು ೧೯೮೬ರಲ್ಲಿ, ಮದರಾಸಿನಲ್ಲಿ. ಮುಂದಿನ ಕಾಲದಲ್ಲಿ ಕರ್ನಾಟಕವೂ ಆಂಧ್ರಪ್ರದೇಶವೂ ಸೋಂಕು ಹೆಚ್ಚಾಗಿದ್ದ ರಾಜ್ಯಗಳಲ್ಲಿ ಸೇರಿದುವು. ಚಿಕ್ಕಬಳ್ಳಾಪುರ ಸೀಮೆಯು ಈ ಎರಡರ ಗಡಿ, ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯು ಇದರ ಮೂಲಕವೇ ಹೋಗುವುದು. ಗುಪ್ತವೆಂಬ ಹೆಸರಿನ ರೋಗಗಳನ್ನು ಆಗ ಬಹಿರಂಗವಾಗಿ ಹೇಳದೆ ಗತ್ಯಂತರವಿರಲಿಲ್ಲ. ಕಾಲೇಜುಗಳಲ್ಲಿ ರೆಡ್ ರಿಬ್ಬನ್ ಕ್ಲಬ್ಬುಗಳು ಹುಟ್ಟಿದುವು. ಶಾಲೆಗಳಲ್ಲಿ ಹದಿಹರೆಯದವರ ಶಿಕ್ಷಣವೆಂಬ ಕಾರ್ಯಕ್ರಮವು ಏರ್ಪಟ್ಟಿತು. ಆದರೆ ಅದರ ಪಾಠಗಳು ಸಂಸ್ಕೃತಿಗೆ ಒಗ್ಗುವುದಿಲ್ಲವೆಂಬ ಆಕ್ಷೇಪಣೆಯೆದ್ದು ೨೦೦೭ರಲ್ಲಿ ಕರ್ನಾಟಕವೂ ಒಳಗೊಂಡಂತೆ ಹಲವು ರಾಜ್ಯಗಳಲ್ಲಿ ಅದು ತಡೆಯಲ್ಪಟ್ಟಿತು. ಚಂದ್ರರಾಜನನ್ನೂ ಕಲ್ಲರಸನನ್ನೂ ಕವಿಗಳೆಂದು ಎಣಿಸುವ ನಾಡಿನಲ್ಲಿ ರೋಗನಿವಾರಣೆಯ ಮಾತು ಸಂಸ್ಕೃತಿಗೆ ಹೊರಗಾದುದು ವಿಚಿತ್ರವೇ ಸರಿ. ಇದರ ಫಲವಾಗಿ ಶಾಲೆಯಲ್ಲಿ ಕೇಳದೆ ಹೋದುದನ್ನು ವಿದ್ಯಾರ್ಥಿಯು ಕೈಯಲ್ಲಿರುವ ಮೊಬೈಲಿನಲ್ಲಿ, ಬಹುಮಟ್ಟಿಗೆ ವಿಕೃತರೂಪದಲ್ಲಿ, ನೋಡತೊಡಗಿದನು.

ಸಮ್ಮತಿಯ ಅರ್ಥವನ್ನು ಶಾಸನವು ಬಿಡಿಸಿ ಹೇಳಿದುದು ೨೦೧೩ರಲ್ಲಿ. ಹಿಂದಿನ ವರ್ಷದ ದೆಹಲಿಯ ಘೋರಕೃತ್ಯದ ತರುವಾಯ ಆದ ತಿದ್ದುಪಡಿಯಲ್ಲಿ, ಸಮ್ಮತಿಯೆಂದರೆ ಮಾತು, ಸನ್ನೆ ಮೊದಲಾದುವುಗಳಿಂದ ಸಂದೇಹಕ್ಕೆಡೆಯಿಲ್ಲದಂತೆ ತಿಳಿಸಿದ ಸ್ವಯಿಚ್ಛೆಯ ಒಪ್ಪಿಗೆ ಎಂದೂ, ದೇಹಬಲದಿಂದ ಎದುರಿಸಲಿಲ್ಲವೆಂಬ ಮಾತ್ರದಿಂದ ಸಮ್ಮತಿಯಿತ್ತೆಂದು ಊಹಿಸಬಾರದೆಂದೂ ವಿಧಿಸಲಾಯಿತು. ೨೦೨೪ರ ಜುಲೈಯಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ವಿವರಣೆಯು ಉಳಿದುಕೊಂಡಿದೆ. ಮೌನವೇ ಸಮ್ಮತಿಯೆಂಬ ಹಳೆಯ ಮಾತು ಇದರಿಂದ ಶಾಸನದ ಮಟ್ಟಿಗೆ ರದ್ದಾಯಿತೆನ್ನಬೇಕು. ಒಂದಕ್ಕೆ ಕೊಟ್ಟ ಒಪ್ಪಿಗೆಯು ಇನ್ನೊಂದಕ್ಕೆ ಸಲ್ಲದೆಂಬುದೂ ಅದೇ ವರ್ಷದ ಶಾಸನದಲ್ಲಿದೆ: ಸ್ತ್ರೀಯು ತನ್ನ ಖಾಸಗಿ ಚಿತ್ರವನ್ನು ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪದಿದ್ದಲ್ಲಿ ಹಂಚುವುದು ಅಪರಾಧ. ಚಿತ್ರವನ್ನು ಬಯಲಿಗಿಡುವೆನೆಂದು ಹೆದರಿಸಿ ವಶಮಾಡಿಕೊಳ್ಳುವ ದುಷ್ಟತನವು ಊರೂರಿಗೂ ಬಂದಿರುವ ಈ ಕಾಲದಲ್ಲಿ ಇದು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕಾದ ವಿಷಯ.

ವಿದ್ಯಾಸಂಸ್ಥೆಯ ಒಳಗಣ ರಕ್ಷಣೆಯೂ ಹೀಗೆಯೇ ಬೆಳೆಯಿತು. ೧೯೯೭ರ ವಿಶಾಖಾ ತೀರ್ಪು ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ ಮಾರ್ಗಸೂಚಿಯನ್ನು ಕೊಟ್ಟಿತು. ೨೦೧೩ರಲ್ಲಿ ಅದು ಕಾಯಿದೆಯಾಯಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ೨೦೧೫ರ ವಿನಿಯಮಗಳು ಅದನ್ನು ಕಾಲೇಜುಗಳಿಗೆ ವಿಸ್ತರಿಸಿದುವು. ಪ್ರತಿಯೊಂದು ಕಾಲೇಜಿನಲ್ಲಿಯೂ ಆಂತರಿಕ ಸಮಿತಿಯಿರಬೇಕು, ವಿಷಯವು ವಿದ್ಯಾರ್ಥಿಗಳಿಗೆ ಸಂಬಂಧಿಸಿದಲ್ಲಿ ಅವರ ಪ್ರತಿನಿಧಿಗಳೂ ಅದರಲ್ಲಿರಬೇಕು, ದೂರನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೊಡಬೇಕು ಎಂಬುವು ಅವುಗಳ ಮುಖ್ಯಾಂಶಗಳು.

ಪದಗಳ ಮಾರ್ಪಾಟಿನಲ್ಲಿಯೇ ಚರಿತ್ರೆಯನ್ನು ಓದಬಯಸುವವರಿಗೆ ಗರ್ಭಪಾತದ ಕಾಯಿದೆಯು ಒಳ್ಳೆಯ ಉದಾಹರಣೆ. ೧೯೭೧ರ ಕಾಯಿದೆಯು ಗರ್ಭನಿರೋಧಕವು ವಿಫಲವಾದ ಸಂದರ್ಭವನ್ನು ಹೇಳುವಾಗ ವಿವಾಹಿತ ಸ್ತ್ರೀ, ಅವಳ ಪತಿ ಎಂದಿತು. ೨೦೨೧ರ ತಿದ್ದುಪಡಿಯು ಯಾವಳೇ ಸ್ತ್ರೀ, ಅವಳ ಸಂಗಾತಿ ಎಂದು ಬದಲಾಯಿಸಿತು. ೨೦೨೨ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅವಿವಾಹಿತೆಗೂ ವಿವಾಹಿತೆಗೂ ಇದರಲ್ಲಿ ಭೇದವೆಣಿಸಬಾರದೆಂದು ತೀರ್ಮಾನಿಸಿತು. ಸಲಿಂಗ ಸಂಬಂಧವು ವಯಸ್ಕರ ಸಮ್ಮತಿಯಿಂದ ಕೂಡಿದಲ್ಲಿ ಅಪರಾಧವಲ್ಲವೆಂದು ಅದೇ ನ್ಯಾಯಾಲಯವು ೨೦೧೮ರಲ್ಲಿ ಸಾರಿತ್ತು. ಮದುವೆಯೆಂಬ ಅಳತೆಗೋಲಿಗೆ ಬದಲಾಗಿ ಸಮ್ಮತಿಯೆಂಬ ಅಳತೆಗೋಲು ಬಂದಿತು. ಆದರೆ ಈ ಅಳತೆಗೋಲಿಗೂ ಒಂದು ಗುರುತುಂಟು. ೨೦೧೨ರ ಪೋಕ್ಸೋ ಕಾಯಿದೆಯಂತೆ ಹದಿನೆಂಟು ತುಂಬದವರ ಒಪ್ಪಿಗೆಯು ಒಪ್ಪಿಗೆಯೇ ಅಲ್ಲ. ಪದವಿಯ ಮೊದಲ ವರ್ಷದಲ್ಲಿ ಹದಿನೇಳರವರೂ ಹತ್ತೊಂಬತ್ತರವರೂ ಒಂದೇ ಬೆಂಚಿನಲ್ಲಿ ಕುಳಿತಿರುವುದುಂಟು. ಪ್ರೀತಿಯೆಂದು ತಿಳಿದು ನಡೆದುಕೊಂಡವನು ಸೆರೆಮನೆಗೆ ಹೋಗಬೇಕಾದೀತೆಂಬ ಅರಿವು ಅವರಿಗೆ ಮೊದಲೇ ಇರತಕ್ಕದ್ದು.

ವೈದ್ಯವು ಈ ಅವಧಿಯಲ್ಲಿ ಶಾಸನಕ್ಕಿಂತಲೂ ಮುಂದೆ ನಡೆದಿದೆ. ಪರಂಗಿ ಹುಣ್ಣಿಗೆ ಪಾದರಸವನ್ನು ತಿನ್ನಿಸುತ್ತಿದ್ದ ಕಾಲವು ೧೯೪೩ರಲ್ಲಿ ಪೆನಿಸಿಲಿನ್ನಿನ ಪ್ರಯೋಗದಿಂದ ಮುಗಿಯಿತು. ಈಗ ರಕ್ತಪರೀಕ್ಷೆಯಿಂದ ಅದನ್ನು ಕಂಡುಹಿಡಿದು ವಾಸಿಮಾಡಬಹುದು. ಇಂಥ ಸೋಂಕುಗಳಲ್ಲಿ ಹಲವು ಯಾವ ಚಿಹ್ನೆಯನ್ನೂ ತೋರದೆ, ವಿಶೇಷವಾಗಿ ಸ್ತ್ರೀಯರಲ್ಲಿ, ಒಳಗೇ ಇರುವುದರಿಂದ ಪರೀಕ್ಷೆಯ ಹೊರತು ಬೇರೆ ದಾರಿಯಿಲ್ಲ. ಗರ್ಭವನ್ನೂ ಸೋಂಕನ್ನೂ ಒಟ್ಟಿಗೆ ತಡೆಯುವ ಸಾಧನವು ಕಾಂಡೋಮು. ತುರ್ತು ಗರ್ಭನಿರೋಧಕ ಮಾತ್ರೆಯನ್ನು ಎಪ್ಪತ್ತೆರಡು ಗಂಟೆಗಳೊಳಗೆ, ಎಷ್ಟು ಬೇಗನಾದರೆ ಅಷ್ಟು ಬೇಗ, ತೆಗೆದುಕೊಳ್ಳಬೇಕು. ಅದು ಸೋಂಕನ್ನು ತಡೆಯದು. ಎಚ್.ಐ.ವಿ.ಯ ಭಯವುಂಟಾದಲ್ಲಿ ಅದನ್ನು ತಡೆಯುವ ಔಷಧವನ್ನೂ ಎಪ್ಪತ್ತೆರಡು ಗಂಟೆಗಳೊಳಗೆ ಆರಂಭಿಸಬೇಕು. ೨೦೦೪ರಿಂದ ಸರ್ಕಾರವು ಎ.ಆರ್.ಟಿ. ಔಷಧವನ್ನು ಉಚಿತವಾಗಿ ಕೊಡುತ್ತಿದೆ. ಅದನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ವೈರಾಣು ಕಾಣದಷ್ಟು ತಗ್ಗಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವೆಂದು ನಿಶ್ಚಿತವಾಗಿದೆ. ಪರೀಕ್ಷೆಗೆ ವ್ಯಕ್ತಿಯ ಸಮ್ಮತಿಯು ಅವಶ್ಯಕವೆಂದೂ ಫಲಿತಾಂಶವು ಗೋಪ್ಯವೆಂದೂ ೨೦೧೭ರ ಕಾಯಿದೆಯು ಕಟ್ಟುಮಾಡಿದೆ. ಸಮ್ಮತಿಯೆಂಬ ಪದವು ಮದುವೆಯ ಚಪ್ಪರದಿಂದ ಹೊರಟು ಆಸ್ಪತ್ರೆಯ ಪ್ರಯೋಗಶಾಲೆಯವರೆಗೂ ಬಂದುದನ್ನು ಇಲ್ಲಿ ಕಾಣಬಹುದು. ಲೈಂಗಿಕ ಸೋಂಕುಗಳ ಚಿಕಿತ್ಸೆಯ ಕೇಂದ್ರಕ್ಕೆ ಈಗಿನ ಹೆಸರು ಸುರಕ್ಷಾ ಕ್ಲಿನಿಕ್. ಗುಪ್ತವು ಹೋಗಿ ಸುರಕ್ಷೆ ಬಂದಿತು. ೧೦೯೭ ಎಂಬ ಉಚಿತ ದೂರವಾಣಿಯಲ್ಲಿ ಹೆಸರು ಹೇಳದೆಯೂ ಕೇಳಬಹುದು.

ಇಷ್ಟಾದರೂ ಒಂದು ತೆರವು ಉಳಿದಿದೆ. ೨೦೧೪ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವೂ ಅದರ ಅಂಗವಾದ ಸ್ನೇಹ ಕ್ಲಿನಿಕ್ಕುಗಳೂ ಹತ್ತರಿಂದ ಹತ್ತೊಂಬತ್ತು ವರ್ಷದವರಿಗಾಗಿ ಏರ್ಪಟ್ಟುವು. ಕುಟುಂಬ ಕಲ್ಯಾಣದ ವ್ಯವಸ್ಥೆಯು ರೂಢಿಯಲ್ಲಿ ಮದುವೆಯಾದವರನ್ನು ನಿರೀಕ್ಷಿಸುವುದು. ಇವೆರಡರ ನಡುವೆ ಇಪ್ಪತ್ತು, ಇಪ್ಪತ್ತೊಂದು ವರ್ಷದ ಪದವಿ ವಿದ್ಯಾರ್ಥಿಯೂ ವಿದ್ಯಾರ್ಥಿನಿಯೂ ನಿಂತಿರುವರು. ಎಲ್ಲರಿಗೂ ಪರಿಚಯವಿರುವ ಸಣ್ಣ ಊರಿನಲ್ಲಿ ಔಷಧದಂಗಡಿಯ ಮುಂದೆ ನಿಲ್ಲುವುದೂ ಅವರಿಗೆ ಸುಲಭವಲ್ಲ. ವೈದ್ಯನ ಮುಂದೆ ಕುಳಿತಾಗ ಮನೆಯ ತೆಲುಗಿನಲ್ಲಿ ಆ ಅಂಗದ ಹೆಸರು ಬೈಗುಳವಾಗಿ ಮಾತ್ರ ಗೊತ್ತು, ಕಾಲೇಜಿನ ಕನ್ನಡದಲ್ಲಿ ಅದನ್ನು ಯಾರೂ ಹೇಳಿಕೊಟ್ಟಿಲ್ಲ.

ಈ ತೆರವನ್ನು ವೈದ್ಯನೊಬ್ಬನೇ ತುಂಬಲಾರನು. ತಾಲ್ಲೂಕಿನ ಕಾಲೇಜಿನಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಎದುರು ಕುಳಿತು ಕೇಳುವ ಪಾಠವು ಭಾಷೆಯ ಪಾಠ. ಅಲ್ಲಿ ಶೃಂಗಾರದ ಪದ್ಯವು ಬಂದಾಗ ಅಧ್ಯಾಪಕನು ತಲೆಯೆತ್ತದೆ ಮುಂದಿನ ಪದ್ಯಕ್ಕೆ ಸರಿಯುವ ವಾಡಿಕೆಯು ಬಹುಕಾಲದ್ದು. ನಾಯಕನು ಊಹಿಸಿಕೊಂಡ ಇಂಗಿತವು ನಾಯಿಕೆಯ ಮಾತೇ ಅಲ್ಲವೇ ಎಂದು ಒಂದು ಪ್ರಶ್ನೆಯನ್ನು ಹಾಕುವುದಕ್ಕೆ ಹೊಸ ಪಠ್ಯಪುಸ್ತಕವೇನೂ ಬೇಕಾಗಿಲ್ಲ. ಗೌರೀಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ೧೯೭೨ರಿಂದ ೧೯೭೭ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಯಾವುದನ್ನೂ ಪ್ರಶ್ನಿಸದೆ ಅಂಗೀಕರಿಸಬಾರದೆಂದು ವಿದ್ಯಾರ್ಥಿಗಳಿಗೆ ಜೀವಮಾನವೆಲ್ಲ ಬೋಧಿಸಿದರು. ಆ ಬೋಧನೆಯನ್ನು ಪವಾಡಗಳಿಗೆ ಅನ್ವಯಿಸಿದಂತೆ ದೇಹದ ವಿಷಯಕ್ಕೂ ಅನ್ವಯಿಸಬೇಕಾಗಿದೆ. ೧೮೯೪ರಲ್ಲಿ ಎಂಟು ವರ್ಷವೆಂದು ಗೆರೆಯೆಳೆದ ಶಾಸನವು ಹದಿನೆಂಟನ್ನು ಮುಟ್ಟುವುದಕ್ಕೆ ಎಂಬತ್ತನಾಲ್ಕು ವರ್ಷಗಳ ಕಾಲವನ್ನು ತೆಗೆದುಕೊಂಡಿತು. ಈಗ ತರಗತಿಯಲ್ಲಿ ಕುಳಿತಿರುವವರಿಗಾದರೋ ಇರುವುದು ಮೂರೇ ವರ್ಷ. ಅವರು ಕಾಲೇಜನ್ನು ಬಿಟ್ಟು ಹೋ‌ಗುವುದರೊಳಗಾಗಿ ಬೇಕೆಂಬುದಕ್ಕೂ ಬೇಡವೆಂಬುದಕ್ಕೂ ರೋಗಕ್ಕೂ ಅಂಗಕ್ಕೂ ಮರ್ಯಾದೆಯ ಮಾತುಗಳನ್ನು ಅವರ ನಾಲಗೆಗೆ ತಂದುಕೊಡುವುದು ಭಾಷೆಯನ್ನು ಬೋಧಿಸುವವರ ಪಾಲಿಗೆ ಬಂದ ಕೆಲಸ.